ಡ್ರೈವ್ ಬದಲಿಸುವ ಮೊದಲು ದೋಷ ಹುಡುಕಲು ಕಲಿಸಿ

ಮಾನ್ಯರೆ,

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರವೊಂದು ‘ಫಾಲೋಯಿಂಗ್ ಎರರ್’ ಎಂಬ ಅಲಾರಂ ತೋರಿಸಿ ನಿಂತರೆ, ದುರಸ್ತಿಗೆ ಬಂದವರು ಮೋಟಾರಿಗೆ ವಿದ್ಯುತ್ ಕೊಟ್ಟು ನಿಯಂತ್ರಿಸುವ ಸರ್ವೋ ಡ್ರೈವ್ ಕೆಟ್ಟಿದೆ ಎನ್ನುವುದು, ಮಾಲೀಕರು ಸಾಲ ಮಾಡಿ ಹೊಸ ಡ್ರೈವ್ ತರಿಸುವುದು, ಕೆಲವೇ ದಿನಗಳಲ್ಲಿ ಅದೇ ಅಲಾರಂ ಮತ್ತೆ ಕಾಣಿಸಿಕೊಳ್ಳುವುದು ಮಾಮೂಲಾಗಿಬಿಟ್ಟಿದೆ. ಯಂತ್ರ ನಿರ್ವಹಣೆಯೇ ವೃತ್ತಿಯಾಗಿರುವ ನನಗೆ ಈ ದಂಡದ ಖರ್ಚನ್ನು ನೋಡಿ ಸುಮ್ಮನಿರಲು ಆಗುತ್ತಿಲ್ಲ.

ಚಲನೆಗೆ ಆದೇಶ ಕೊಡುವ ಮೋಷನ್ ಕಂಟ್ರೋಲರ್ ಹೇಳಿದ ಸ್ಥಾನಕ್ಕೂ, ಮೋಟಾರು ಎಷ್ಟು ತಿರುಗಿತೆಂದು ಅಳೆಯುವ ಎನ್‌ಕೋಡರ್ ತಿಳಿಸಿದ ಸ್ಥಾನಕ್ಕೂ ಇರುವ ಅಂತರ ಮಿತಿ ಮೀರಿದೆ ಎಂಬುದಷ್ಟೇ ಆ ಅಲಾರಂನ ಅರ್ಥ. ಏಕೆ ಮೀರಿತು ಎಂಬುದನ್ನು ನಾವೇ ಹುಡುಕಬೇಕು. ಎಣ್ಣೆ ತಲುಪದೆ ಸ್ಲೈಡ್ ಬಿಗಿಯಾಗಿರಬಹುದು, ಮೋಟಾರಿನ ಬ್ರೇಕ್ ಪೂರ್ತಿ ಬಿಡದೆ ಇರಬಹುದು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಎನ್‌ಕೋಡರ್ ಕೇಬಲ್. ಚಲಿಸುವ ಕೇಬಲ್‌ಗಳನ್ನು ಹೊತ್ತ ಡ್ರ್ಯಾಗ್ ಚೈನಿನೊಳಗೆ ಹಗಲಿರುಳು ಬಾಗುತ್ತಲೇ ಇರುವ ಈ ಕೇಬಲಿನ ಹೊರಕವಚ ಚೆನ್ನಾಗಿಯೇ ಇದ್ದು, ಒಳಗಿನ ತಾಮ್ರದ ಎಳೆಗಳು ಮಾತ್ರ ತುಂಡಾಗಿರುತ್ತವೆ. ಯಂತ್ರ ನಿಂತಿರುವಾಗ ಮೀಟರ್ ಹಿಡಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಟೇಬಲ್ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಸಿಗ್ನಲ್ ಕಡಿಯುತ್ತದೆ. ಆದ್ದರಿಂದ ಅಲಾರಂ ಬಂದಾಗ ಅಕ್ಷ (ಯಂತ್ರದ ಚಲಿಸುವ ಭಾಗ) ಎಲ್ಲಿತ್ತು, ಎಷ್ಟು ವೇಗದಲ್ಲಿತ್ತು, ಸಿಗ್ನಲ್ ಕೆಡಿಸಬಲ್ಲ ವೆಲ್ಡಿಂಗ್ ಪಕ್ಕದಲ್ಲಿ ನಡೆಯುತ್ತಿತ್ತೇ ಎಂಬುದನ್ನು ಆಪರೇಟರ್ ಬರೆದಿಟ್ಟರೆ ಅದಕ್ಕಿಂತ ದೊಡ್ಡ ಸುಳಿವು ಬೇಕಿಲ್ಲ.

2500 ಗೆರೆಗಳ ಎನ್‌ಕೋಡರ್ ಗೆರೆಗೆ ನಾಲ್ಕರಂತೆ ಒಂದು ಸುತ್ತಿಗೆ 10,000 ಎಣಿಕೆ ಕೊಡಬೇಕು. ಸುತ್ತಿಗೊಮ್ಮೆ ಬರುವ ಎರಡು ಇಂಡೆಕ್ಸ್ ಪಲ್ಸ್‌ಗಳ ನಡುವೆ ಆ ಲೆಕ್ಕ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತಿದ್ದರೆ ಹೊರಗಿನ ವಿದ್ಯುತ್ ಅಡಚಣೆಯನ್ನು ತಡೆಯುವ ಕೇಬಲಿನ ಶೀಲ್ಡ್ ಸರಿಯಾಗಿ ಅರ್ತ್ ಆಗಿಲ್ಲವೆಂದೋ, ಮೋಟಾರಿನ ಪವರ್ ಕೇಬಲ್ ಜೊತೆಗೇ ಸಿಗ್ನಲ್ ಕೇಬಲನ್ನು ಕಟ್ಟಿದ್ದಾರೆಂದೋ ಮೊದಲು ಅನುಮಾನಿಸಬೇಕು. ಕೇಬಲ್ ಉದ್ದವಾದಲ್ಲಿ ಎನ್‌ಕೋಡರ್‌ಗೆಂದು ಪ್ಯಾನೆಲ್‌ನಲ್ಲಿ ಇರುವ 5 ವೋಲ್ಟ್ ಮೋಟಾರಿನ ತುದಿಯಲ್ಲೂ ಇದೆಯೇ ಎಂದು ಅಳೆಯಬೇಕು. ಇಷ್ಟರಲ್ಲೂ ಗೊತ್ತಾಗದಿದ್ದರೆ ಮೋಟಾರನ್ನು ಯಂತ್ರಕ್ಕೆ ಜೋಡಿಸುವ ಕಪ್ಲಿಂಗ್ ಕಳಚಿ ಮೋಟಾರನ್ನು ಒಂಟಿಯಾಗಿ ಓಡಿಸಿದಾಗ ದೋಷ ಯಾಂತ್ರಿಕವೋ ವಿದ್ಯುತ್ತಿನದೋ ಬೇರ್ಪಡುತ್ತದೆ. ಲಂಬ ಅಕ್ಷವಾದರೆ ಮೊದಲು ಭಾರಕ್ಕೆ ಆಸರೆ ಕೊಡಲೇಬೇಕು. ಸ್ವಿಚ್ ಆರಿಸಿದ ಮೇಲೂ ಡ್ರೈವ್‌ನ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯಕಾರಿ ವೋಲ್ಟೇಜ್ ಕೆಲವು ನಿಮಿಷ ಉಳಿದಿರುತ್ತದೆ ಎಂಬುದನ್ನು ಹೊಸ ಹುಡುಗರಿಗೆ ಯಾರೂ ಒತ್ತಿ ಹೇಳುತ್ತಿಲ್ಲ.

ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳಿಂದ ಬರುವ ಹುಡುಗರು ಪ್ರೋಗ್ರಾಂ ಬರೆಯುತ್ತಾರೆ, ಯಂತ್ರ ನಡೆಸುತ್ತಾರೆ. ನಿಂತ ಯಂತ್ರದ ಮುಂದೆ ಮಾತ್ರ ದಿಕ್ಕು ತೋಚದೆ ನಿಲ್ಲುತ್ತಾರೆ. ಅವರ ತಪ್ಪಲ್ಲ, ಅಭ್ಯಾಸವೇ ಸಿಕ್ಕಿಲ್ಲ. 1972ರಲ್ಲಿ ಡೆನ್ಮಾರ್ಕ್ ಸಹಕಾರದೊಂದಿಗೆ ಬೆಂಗಳೂರಿನಲ್ಲಿ ಆರಂಭವಾಗಿ ಇಂದು ರಾಜ್ಯದ ಹಲವೆಡೆ ಹರಡಿರುವ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಮೊದಲುಗೊಂಡು ಎಲ್ಲ ಸರ್ಕಾರಿ ತರಬೇತಿ ಸಂಸ್ಥೆಗಳಲ್ಲಿ, ಕಡಿದ ಕೇಬಲ್, ಸಡಿಲ ಶೀಲ್ಡ್, ತಪ್ಪು ಪ್ಯಾರಾಮೀಟರ್‌ಗಳನ್ನು (ಯಂತ್ರದ ಹೊಂದಾಣಿಕೆಯ ಮೌಲ್ಯಗಳನ್ನು) ಬೇಕೆಂದೇ ಅಳವಡಿಸಿದ ಅಭ್ಯಾಸ ಯಂತ್ರಗಳಿರಬೇಕು, ದೋಷ ಪತ್ತೆಗೇ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇರಬೇಕು. ಹಾಗೆಯೇ, ಯಂತ್ರ ಮಾರುವವರು ಪ್ಯಾರಾಮೀಟರ್‌ಗಳ ಪೂರ್ಣ ಪ್ರತಿಯನ್ನು ಮಾಲೀಕರಿಗೆ ಕೊಡುವಂತೆ ಸರ್ಕಾರ ನಿಯಮ ಮಾಡಲಿ. ಕಂಟ್ರೋಲರ್‌ನ ಮೆಮೊರಿ ಬ್ಯಾಟರಿ ಸತ್ತು ಪ್ಯಾರಾಮೀಟರ್‌ಗಳು ಅಳಿಸಿಹೋದ ದಿನ ಆ ಒಂದು ಪ್ರತಿ ಇಲ್ಲದೆ, ಯಾವ ದೋಷವೂ ಇಲ್ಲದ ಯಂತ್ರಗಳು ವಾರಗಟ್ಟಲೆ ಸುಮ್ಮನೆ ನಿಲ್ಲುತ್ತಿವೆ.

– ಓರ್ವ ನಿರ್ವಹಣಾ ಎಂಜಿನಿಯರ್, ಪೀಣ್ಯ, ಬೆಂಗಳೂರು