ಗೇಟಿನಲ್ಲೇ ನಿಲ್ಲುವ ಜೊತೆಗಾರರು

ಸಂಪಾದಕರೇ,

ಹೋದ ವರ್ಷ ನಮ್ಮ ವೈನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಆಮೇಲೆ 21 ದಿನಕ್ಕೊಮ್ಮೆ ಕೀಮೋ. ನಾವು ಗಂಡಸರು ರೊಕ್ಕ, ಫೈಲು ಅಂತ ಓಡಾಡಿದೆವು. ಉಳಿದದ್ದನ್ನೆಲ್ಲ ನೋಡಿಕೊಂಡವರು ನಮ್ಮ ಸೆಕ್ಟರಿನ ಮೂವರು ಹೆಣ್ಣುಮಕ್ಕಳು. ಸಂಘವೂ ಇಲ್ಲ, ಬ್ಯಾನರೂ ಇಲ್ಲ. ಪಾಳಿ ಹಚ್ಚಿಕೊಂಡು ಜೊತೆಗೆ ಬರುತ್ತಿದ್ದರು. ಬಾಯಿ ಹುಣ್ಣಾಗಿ ರೊಟ್ಟಿ ಇಳಿಯದಿದ್ದಾಗ ಜೋಳದ ಅಂಬಲಿ ಆರಿಸಿ ತರುತ್ತಿದ್ದರು.

ಕೂದಲು ಉದುರಿದ ಮೇಲೆ ವೈನಿ ಹೊರಗೆ ಬರುವುದನ್ನೇ ಬಿಟ್ಟಿದ್ದರು. ಆ ಮೂವರಲ್ಲಿ ಒಬ್ಬರಿಗೆ ಹಿಂದೆ ಇದೇ ಕಾಯಿಲೆ ಬಂದು ಹೋಗಿತ್ತು. ಅವರು ಬಂದು, ತಮ್ಮ ಹೆರಳನ್ನು ಮುಂದೆ ಹಾಕಿ, ‘ಜಗ್ಗಿ ನೋಡವಾ, ನಂದ ಐತಿ’ ಅಂದರು. ಎಷ್ಟೋ ದಿನದ ಮೇಲೆ ವೈನಿ ನಕ್ಕಿದ್ದು ಅವತ್ತೇ.

ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಟಿಕೆಟ್ ಪುಕ್ಕಟೆ. ಜೊತೆಗಿದ್ದ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು, ಅಷ್ಟೇ. ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ಸಲ ಪೂರ್ತಿ ದುಡ್ಡು ಕೊಟ್ಟು ಬೆಂಗಳೂರಿಗೆ ಹೋಗಿ ಬಂದ ಮೇಲೆ ಇದನ್ನು ಹೇಳಿದವರೂ ಇವರೇ. ಆಸ್ಪತ್ರೆಯ ಕೌಂಟರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಒಂದು ಬೋರ್ಡ್ ಬರೆಸಿ ಹಾಕಬಹುದಲ್ವಾ?

ಇನ್ನೊಂದು ಮಾತು. ‘ಒಬ್ಬ ರೋಗಿಗೆ ಒಬ್ಬರೇ’ ಅಂತ ಸೆಕ್ಯುರಿಟಿಯವರು ಇಂಥವರನ್ನು ಗೇಟಿನಲ್ಲೇ ತಡೆಯುತ್ತಾರೆ. ಒಳಗೆ ಇರುವುದು ನಾನು, ಸುಮ್ನೆ ಮೊಬೈಲ್ ನೋಡುತ್ತಾ! ವಾರ್ಡಿಗೆ ಹೋಗಿಬರಲು ಅವರಿಗೊಂದು ಪಾಸ್ ಕೊಡಿ. ಮೂರು ತಾಸು ಬಿಸಿಲಲ್ಲಿ ಕಾಯುತ್ತಾರೆ, ಗೇಟಿನ ಹತ್ತಿರ ಒಂದು ಬೆಂಚಾದರೂ ಇರಲಿ.

— ಒಬ್ಬ ಓದುಗ, ನವನಗರ, ಬಾಗಲಕೋಟೆ