ಭಟ್ಟನಿಗೆ, ಒಂಟಿ ಕಾಲಿನಲ್ಲಿ ನಿಂತು

ಪ್ರಿಯ ಭಟ್ಟ,

ನಿನಗೊಬ್ಬನಿಗೇ ಕಳುಹಿಸಿದರೆ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಊರೆಲ್ಲ ಓದುವ ಹಾಗೆ ಇಲ್ಲಿ ಹಾಕುತ್ತಿದ್ದೇನೆ. ನಾಲ್ಕು ಜನರ ಎದುರು ಕೇಳಿದರೆ ಮಾತ್ರ ನೀನು ಉತ್ತರ ಕೊಡುವವನು ಎಂಬುದು ಕೊಡೆಯ ಪ್ರಕರಣದಲ್ಲೇ ಸಾಬೀತಾಗಿದೆ.

ಮೊದಲು ಸುದ್ದಿ. ನನಗಿರುವುದು ಸೋಮಾರಿತನವಲ್ಲವಂತೆ, ಎಡಿಎಚ್‌ಡಿ ಅಂತೆ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆ ಬಿಡದ, ಚಿಕ್ಕಂದಿನಲ್ಲೇ ಶುರುವಾಗುವ ಮಿದುಳಿನ ತೊಂದರೆ. 12 ವರ್ಷ ತುಂಬುವ ಮೊದಲೇ ಲಕ್ಷಣಗಳಿದ್ದವೇ ಎಂದು ವೈದ್ಯರು ನೋಡಲೇಬೇಕು. 2013ಕ್ಕೆ ಮೊದಲು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಗಡಿ 7 ವರ್ಷವಿತ್ತು. ಹಾಗಾಗಿ ಅಮ್ಮ ಟ್ರಂಕಿನ ತಳದಿಂದ ನನ್ನ ಪ್ರಾಥಮಿಕ ಶಾಲೆಯ ಅಂಕಪಟ್ಟಿಗಳನ್ನು ತೆಗೆದುಕೊಟ್ಟಳು. ‘ಬುದ್ಧಿವಂತ. ಕಪ್ಪುಹಲಗೆಗಿಂತ ಕಿಟಕಿಯನ್ನು ಹೆಚ್ಚು ನೋಡುತ್ತಾನೆ’ ಎಂದು ಮೂರನೆಯ ತರಗತಿಯ ಮೇಡಂ ಬರೆದಿದ್ದಾರೆ. ವೈದ್ಯರು ನಕ್ಕರು. ಅಮ್ಮ ನಗಲಿಲ್ಲ.

ಮಾತ್ರೆ ಕೊಟ್ಟಿದ್ದಾರೆ, ಮೀಥೈಲ್‌ಫೆನಿಡೇಟ್. ಮಿದುಳಿನಲ್ಲಿ ಗಮನಕ್ಕೆ ಬೇಕಾದ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬೆರಡು ರಾಸಾಯನಿಕಗಳು ಬೇಗ ಹೀರಿಹೋಗದಂತೆ ಅದು ತಡೆಯುತ್ತದೆ. ಮೈ ಬೆವರುವಷ್ಟು ನಡೆದರೆ, ಓಡಿದರೆ ಪ್ರಭಾವ ಬೀಳುವುದೂ ಇವೇ ಎರಡರ ಮೇಲೆ. ಆದ್ದರಿಂದ ವ್ಯಾಯಾಮವೂ ಬೇಕು, ಆದರೆ ಅದು ಬಂತೆಂದು ಮಾತ್ರೆ ಬಿಡಕೂಡದು ಎಂದು ತಾಕೀತು ಮಾಡಿದ್ದಾರೆ.

ಸುದ್ದಿ ಮನೆಯಲ್ಲಿ ಹರಡಿದ್ದೇ ತಡ, ಸೋದರಮಾವ ಬಂದು “ಕಣ್ಣು ಮುಚ್ಚಿ ಅರ್ಧ ಗಂಟೆ ಧ್ಯಾನ ಮಾಡು, ಎಲ್ಲ ಸರಿಹೋಗುತ್ತದೆ” ಎಂದರು. ಕಣ್ಣು ಮುಚ್ಚಿದರೆ ನನ್ನ ತಲೆ ಹಬ್ಬದ ಹಿಂದಿನ ರಾತ್ರಿಯ ಮೆಜೆಸ್ಟಿಕ್ ಬಸ್ ನಿಲ್ದಾಣವಾಗುತ್ತದೆ. ಪತಂಜಲಿಯ ಎಂಟು ಅಂಗಗಳಲ್ಲಿ ಆಸನ ಮೂರನೆಯದು, ಧ್ಯಾನ ಏಳನೆಯದು. ಮೂರನ್ನೇ ಮುಟ್ಟದವನನ್ನು ಏಳಕ್ಕೆ ಯಾಕೆ ತಳ್ಳುತ್ತೀರಿ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಮಾವನ ಅಂಗಿಯ ಗುಂಡಿಯೊಂದು ದಾರದಲ್ಲಿ ನೇತಾಡುತ್ತಿದ್ದದ್ದು ಕಣ್ಣಿಗೆ ಬಿದ್ದು ಮಾತೇ ಮರೆತುಹೋಯಿತು.

ಈಗ ಬೆಳಿಗ್ಗೆ ಲಾಲ್‌ಬಾಗ್. ಕಾಲೇಜಿನ ಆಪ್ತಸಮಾಲೋಚಕಿ ನನ್ನಂಥ ಕೆಲವರನ್ನು ಕಲೆಹಾಕಿದ್ದಾರೆ. ಮೊದಲು 20 ನಿಮಿಷ ಬಿರುಸು ನಡಿಗೆ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ವೇಗ. ಮೈಯಲ್ಲಿನ ಚಡಪಡಿಕೆ ಕಳೆದ ಮೇಲೆಯೇ ನಿಧಾನದ ಸರದಿ: ಹಿಮ್ಮಡಿ ನೆಲ ಮುಟ್ಟಿತು, ಅಂಗಾಲು ಊರಿತು, ಬೆರಳು ಎದ್ದಿತು, ಇಷ್ಟನ್ನೇ ಗಮನಿಸುತ್ತ ಹೆಜ್ಜೆ ಹಾಕಬೇಕು. ಮನಸ್ಸು ಓಡಿಹೋದರೆ ಬೈಯದೆ ಪಾದಕ್ಕೆ ಕರೆತರಬೇಕು. ಹಾಗೆ ಕರೆತರುವುದೇ ನಿಜವಾದ ವ್ಯಾಯಾಮವಂತೆ. ಈ ಲೆಕ್ಕದಲ್ಲಿ ಇಡೀ ಗುಂಪಿಗೆ ನಾನೇ ಪೈಲ್ವಾನ.

ಆಮೇಲೆ ಅಲ್ಲಿನ ಬಂಡೆಯ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವ ವೃಕ್ಷಾಸನ. ಸುಮಾರು 300 ಕೋಟಿ ವರ್ಷಗಳಿಂದ ಕದಲದ ಬಂಡೆಯ ಮೇಲೆ ಅರ್ಧ ನಿಮಿಷ ಕದಲದಿರಲು ನಾನು ಹೆಣಗುವುದನ್ನು ನೀನು ನೋಡಬೇಕು. ಆದರೂ ನನಗೆ ಹಿಡಿಸಿರುವುದು ಇದೇ. ಓದುವಾಗ ಗಮನ ತಪ್ಪಿದ್ದು ತಿಳಿಯುವುದು ಪುಟ ಮುಗಿದ ಮೇಲೆ, ಕೆಲವೊಮ್ಮೆ ಫಲಿತಾಂಶ ಬಂದ ಮೇಲೆ. ಇಲ್ಲಿ ತಪ್ಪಿದ ಕ್ಷಣವೇ ಕಾಲು ನೆಲದ ಮೇಲೆ. ಎಲ್ಲಕ್ಕೂ ತಕ್ಷಣ ಫಲ ಬೇಡುವ ಮಿದುಳಿಗೆ ಇಷ್ಟು ಚುರುಕಾಗಿ ಅಂಕ ಕೊಡುವ ಮೇಷ್ಟ್ರು ಇನ್ನೆಲ್ಲಿ ಸಿಗುತ್ತಾರೆ? ಮುಗಿದ ಕೂಡಲೇ ಬೆವರು ಒರೆಸಿಕೊಂಡು ಗ್ರಂಥಾಲಯಕ್ಕೆ ಹೋಗಿ ಅತಿ ಕಷ್ಟದ ವಿಷಯವನ್ನು ಮೊದಲು ತೆರೆಯಬೇಕು, ಯಾಕೆಂದರೆ ಈ ಹತೋಟಿ ಇಡೀ ದಿನ ಉಳಿಯುವಂಥದ್ದಲ್ಲ. ಗಾಂಧಿಬಜಾರಿನಲ್ಲಿ ದೋಸೆಗೆ ಕುಳಿತರೆ ಅಷ್ಟೂ ದೋಸೆಗೇ ಖರ್ಚಾಗುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿ. ಮೊನ್ನೆ ಪಶ್ಚಿಮ ದ್ವಾರದಿಂದ ಮಿನರ್ವ ವೃತ್ತದ ಕಡೆ ನಡೆಯುತ್ತಿದ್ದಾಗ ಹೊಳೆಯಿತು, ಇದು ನಮ್ಮದೇ ರಸ್ತೆ. ಬಸ್ಸಿನ ದುಡ್ಡು ಉಳಿಸಿ ಕಡಲೆಕಾಯಿ ಸಮಿತಿಯ ಖಜಾನೆ ತುಂಬಿಸಲು ಎನ್.ಆರ್. ಕಾಲೊನಿಯಿಂದ ಕಾಲೇಜಿಗೆ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ನಡೆಯುತ್ತಿದ್ದೆವಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ಅದನ್ನು ಮಂಗಳವಾರ ಸಂಜೆಗೇ ಮುಗಿಸುತ್ತಿದ್ದೆವು. ಆ ವರ್ಷಗಳಲ್ಲಿ ಮೊದಲ ತರಗತಿ ನನ್ನ ತಲೆಗೆ ಹೋಗುತ್ತಿತ್ತು. ಎಂ.ಎಸ್ಸಿ. ಸೇರಿದೆ, ಮೆಟ್ರೊ ಹತ್ತಿದೆ, ಎಲ್ಲ ಕೆಟ್ಟಿತು. ನಡಿಗೆ ನಿಂತದ್ದೇ ಕಾರಣವೆಂದು ಖುಷಿಯಿಂದ ತೀರ್ಮಾನಿಸಿದೆ.

ಆದರೆ ಎರಡು ಅಂಶಗಳು ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು ಎಂದು ಪ್ರಯೋಗಾಲಯದಲ್ಲಿ ಹೇಳಿಕೊಟ್ಟವನು ನೀನೇ. ನಡಿಗೆ ನಿಂತ ತಿಂಗಳಲ್ಲೇ ನೀನು ಧಾರವಾಡಕ್ಕೆ ಹೋದೆ.

ಎಡಿಎಚ್‌ಡಿ ಇರುವವರ ನಡುವೆ ‘ಬಾಡಿ ಡಬ್ಲಿಂಗ್’ ಎಂಬ ಮಾತಿದೆ. ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಪಾಡಿಗೆ ತಾವಿದ್ದರೆ ಸಾಕು, ನಮ್ಮ ಕೆಲಸ ಸಾಗುತ್ತದೆ. ನನ್ನ ಹಾಲ್ ಟಿಕೆಟ್ ನಿನ್ನ ಚೀಲದಲ್ಲಿರುತ್ತಿತ್ತು, ನನ್ನ ಎಚ್ಚರ ನಿನ್ನ ಗಡಿಯಾರದಲ್ಲಿ. ಈಗ ಒಂದು ಪ್ರಶ್ನೆ ಕೊರೆಯುತ್ತಿದೆ: ನಿನ್ನನ್ನು ಹಚ್ಚಿಕೊಂಡಿದ್ದೆನೋ, ನೀನಿದ್ದರೆ ತಲೆ ನಿಲ್ಲುತ್ತದೆಂದು ಹಿಡಿದುಕೊಂಡಿದ್ದೆನೋ? ಮೊದಲೆಲ್ಲ ಗದ್ದಲದಲ್ಲಿ ಇದು ತಿಳಿಯುತ್ತಲೇ ಇರಲಿಲ್ಲ. ನಿಧಾನ ನಡಿಗೆಯಲ್ಲಿ ತಲೆ ಸ್ವಲ್ಪ ಶಾಂತವಾದಾಗ ಎಡಗಡೆ ಯಾರೂ ಇಲ್ಲ ಎಂಬುದೇ ಮೊದಲು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಹಿಮ್ಮಡಿ, ಅಂಗಾಲು ಯಾವುದೂ ನೆನಪಿರುವುದಿಲ್ಲ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ಆರಾಮವಾಗಿದ್ದೇನೆ ಎಂದಿದ್ದೇನೆ. ಹಾಗೇನೂ ಇಲ್ಲ.

ಇಷ್ಟು ಬರೆಯುವ ಉದ್ದೇಶವಿರಲಿಲ್ಲ. ಓದುತ್ತಿರುವ ಮಹಾಜನರು ದಯವಿಟ್ಟು ಮೇಲಿನ ಪ್ಯಾರಾವನ್ನು ಬಿಟ್ಟು ವೃಕ್ಷಾಸನಕ್ಕೆ ಮರಳಬೇಕು, ಉಪಯುಕ್ತ ಮಾಹಿತಿಯಿರುವುದು ಅಲ್ಲಿ. ಭಟ್ಟನ ಅತ್ತಿಗೆಯವರು ಅಳಬಾರದು.

ಪ್ರಯೋಗವನ್ನು ಸರಿಯಾಗಿಯೇ ಮಾಡೋಣ. ಸೋಮವಾರ ಬೆಳಿಗ್ಗೆ ಆರೂವರೆಗೆ ನೀನು ಸಾಧನಕೇರಿಯಲ್ಲಿ ನಡೆ, ನಾನು ಲಾಲ್‌ಬಾಗಿನಲ್ಲಿ ನಡೆಯುತ್ತೇನೆ. ಇಬ್ಬರ ಕಿವಿಯಲ್ಲೂ ಫೋನ್ ಇರಲಿ, ಮಾತು ಬೇಡ. ನನ್ನ ಗಮನ ನಿಂತರೆ ಕಾರಣ ನೀನು, ನಿಲ್ಲದಿದ್ದರೆ ನೆಟ್‌ವರ್ಕ್. ನಡುವೆ ಪೇಡೆ ಜಗಿಯುವ ಸದ್ದು ಕೇಳಿಸಿದರೆ ಮಾತ್ರ ಪ್ರಯೋಗ ರದ್ದು.

ನಿನ್ನ,
ರೋಲ್ ನಂಬರ್ 41