ಬಾಸ್ಟನ್ನಿನ ಕ್ರಿಸ್ಮಸ್ ಮರ ಮತ್ತು ನಡುವಿನ 53 ವರ್ಷ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅಮೆರಿಕದ ಬಾಸ್ಟನ್ ನಗರದ ಸಾರ್ವಜನಿಕ ಕ್ರಿಸ್ಮಸ್ ಮರದ ಬಣ್ಣದ ಚಿತ್ರ ಪ್ರಕಟವಾಗಿದ್ದು, ಅದರ ಅಡಿಬರಹದಲ್ಲಿ ‘ಹ್ಯಾಲಿಫ್ಯಾಕ್ಸಿನವರು ನೂರು ವರ್ಷಗಳಿಂದ ಒಂದು ವರ್ಷವೂ ತಪ್ಪದೆ ಕಳುಹಿಸುತ್ತಿರುವ ಮರ’ ಎಂದಿತ್ತು. ಚಿತ್ರ ಸೊಗಸಾಗಿತ್ತು. ಮರ ಆ ಕಡೆಯಿಂದ ಬರುವುದೂ ನಿಜ. ಆದರೆ ‘ಒಂದು ವರ್ಷವೂ ತಪ್ಪದೆ’ ಎಂಬ ಮಾತು ಸರಿಯಲ್ಲ. ಹಲವು ಕಡೆ ಹೀಗೆಯೇ ಬರೆಯಲಾಗುತ್ತಿರುವುದರಿಂದ ನಿಮ್ಮೊಬ್ಬರದೇ ತಪ್ಪೆಂದು ನಾನು ಹೇಳಲಾರೆ. ಆದರೂ ಈ ಮಾತಿನಿಂದಾಗಿ ಆ ಮರದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸಿದ ಭಾಗವೇ ಮುಚ್ಚಿಹೋಗುತ್ತದೆಂದು ತೋರಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕೋಷಿಯಾ ಪ್ರಾಂತ್ಯದ ರಾಜಧಾನಿಯಾದ ಹ್ಯಾಲಿಫ್ಯಾಕ್ಸ್, ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪಿಗೆ ಸೈನಿಕರನ್ನೂ ಸರಕನ್ನೂ ಸಾಗಿಸುತ್ತಿದ್ದ ಹಡಗುಗಳಿಂದ ತುಂಬಿರುತ್ತಿತ್ತು. 1917ರ ಡಿಸೆಂಬರ್ 6ರ ಬೆಳಿಗ್ಗೆ ಅಲ್ಲಿಯ ಬಂದರಿನ ಕಿರಿದಾದ ಕಾಲುವೆಯಲ್ಲಿ ಮಾಂಟ್ ಬ್ಲಾಂಕ್ ಎಂಬ ಫ್ರೆಂಚ್ ಸರಕು ಹಡಗಿಗೂ ಇಮೊ ಎಂಬ ನಾರ್ವೆಯ ಹಡಗಿಗೂ ಡಿಕ್ಕಿಯಾಯಿತು. ಮಾಂಟ್ ಬ್ಲಾಂಕ್ ಹಡಗಿನ ಒಡಲಲ್ಲಿ ಸಾವಿರಾರು ಟನ್ ಪಿಕ್ರಿಕ್ ಆಮ್ಲ ಮತ್ತು ಟಿ.ಎನ್.ಟಿ. ಎಂಬ ಸ್ಫೋಟಕಗಳಿದ್ದವು, ಮೇಲಟ್ಟದಲ್ಲಿ ಬೆಂಜಾಲ್ ಎಂಬ ಬೇಗ ಹೊತ್ತಿಕೊಳ್ಳುವ ಇಂಧನ ತುಂಬಿದ ಪೀಪಾಯಿಗಳನ್ನು ಪೇರಿಸಲಾಗಿತ್ತು. ಸ್ಫೋಟಕ ಹೊತ್ತ ಹಡಗೆಂದು ತಿಳಿಸುವ ಬಾವುಟವನ್ನು, ಶತ್ರುವಿನ ಕಣ್ಣಿಗೆ ಬೀಳಬಾರದೆಂದು, ಅದು ಹಾರಿಸಿರಲಿಲ್ಲ. ಮುಂಬಯಿಯ ಬಂದರು ಪ್ರದೇಶದಲ್ಲಿ ಒಬ್ಬ ಕ್ಲಿಯರಿಂಗ್ ಏಜೆಂಟರ ಬಳಿ 31 ವರ್ಷ ಗುಮಾಸ್ತನಾಗಿದ್ದ ನನಗೆ ಈ ಸರಕಿನ ಪಟ್ಟಿಯನ್ನು ಓದುವಾಗಲೇ ಎದೆ ಝಲ್ಲೆನ್ನುತ್ತದೆ.

ಬೆಂಕಿ ಹತ್ತಿದ ಹಡಗನ್ನು ಬಿಟ್ಟು ನಾವಿಕರು ದೋಣಿಗಳಲ್ಲಿ ಪಾರಾದರು. ಯಾರ ಹಿಡಿತವೂ ಇಲ್ಲದೆ ಅದು ತೇಲುತ್ತ ದಡದ ಕಡೆಗೆ ಬಂದಿತು. ಒಳಗೇನಿದೆಯೆಂದು ತಿಳಿಯದ ಊರಿನ ಜನ ಕಿಟಕಿಗಳ ಹಿಂದೆ ನಿಂತು ಆ ಬೆಂಕಿಯನ್ನು ನೋಡುತ್ತಿದ್ದರು. ತಿಳಿದವನೊಬ್ಬನಿದ್ದ: ರೈಲ್ವೆಯ ವಿನ್ಸೆಂಟ್ ಕೋಲ್ಮನ್, ಓಡಿಹೋಗುವ ಬದಲು ತಂತಿಯ ಮುಂದೆ ಕುಳಿತು, ಬರುತ್ತಿರುವ ರೈಲನ್ನು ತಡೆಯಿರೆಂದು ಸಂದೇಶ ಕಳುಹಿಸಿ ಅಲ್ಲೇ ಪ್ರಾಣ ಬಿಟ್ಟ. 9 ಗಂಟೆ ದಾಟಿ ನಾಲ್ಕು ನಿಮಿಷಕ್ಕೆ ಹಡಗು ಸಿಡಿಯಿತು. ಸತ್ತವರು ಸುಮಾರು 2,000 ಮಂದಿ, ಗಾಯಗೊಂಡವರು ಸುಮಾರು 9,000. ಕಿಟಕಿಯ ಗಾಜು ಸಿಡಿದು ಕಣ್ಣಿಗೆ ಪೆಟ್ಟಾದವರ ಸಂಖ್ಯೆ ವಿಪರೀತವಾಗಿತ್ತು. ಸಾಲದ್ದಕ್ಕೆ ಮರುದಿನವೇ ಭಾರೀ ಹಿಮಪಾತವಾಯಿತು.

ಬಾಸ್ಟನ್ ಈ ಕಥೆಯೊಳಗೆ ಬರುವುದು ಇಲ್ಲಿ. ಸುದ್ದಿ ಅಸ್ಪಷ್ಟವಾಗಿ ತಲುಪಿದ ಕೂಡಲೇ, ಬಾಸ್ಟನ್ ರಾಜಧಾನಿಯಾಗಿರುವ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಸ್ಯಾಮುಯೆಲ್ ಮೆಕಾಲ್ ಹ್ಯಾಲಿಫ್ಯಾಕ್ಸಿಗೆ ತಂತಿ ಕಳುಹಿಸಿದರು. ತಂತಿಕಂಬಗಳೇ ಉರುಳಿದ್ದ ಊರಿನಿಂದ ಉತ್ತರ ಬರಲಿಲ್ಲ. ಏನು ಬೇಕೆಂದು ಯಾರೂ ಕೇಳಿರಲಿಲ್ಲವಾದರೂ, ಅದೇ ರಾತ್ರಿ ಸುಮಾರು 10 ಗಂಟೆಗೆ ವೈದ್ಯರು, ದಾದಿಯರು, ಔಷಧಗಳು ತುಂಬಿದ ವಿಶೇಷ ರೈಲು, ಎಬ್ರಹಾಂ ರಾಟ್‌ಶೆಸ್ಕಿಯವರ ಮುಂದಾಳತ್ವದಲ್ಲಿ ಬಾಸ್ಟನ್ನಿನಿಂದ ಹೊರಟಿತು. ದಾರಿಯಲ್ಲಿ ಹಿಮದ ರಾಶಿಗೆ ಸಿಕ್ಕಿಕೊಂಡು, ಅದನ್ನು ಸರಿಸಿಕೊಂಡು, ಡಿಸೆಂಬರ್ 8ರ ಬೆಳಿಗ್ಗೆ ಹ್ಯಾಲಿಫ್ಯಾಕ್ಸ್ ಮುಟ್ಟಿತು. ಆ ನೆರವು ಒಂದು ರೈಲಿಗೆ ನಿಲ್ಲದೆ, ಮ್ಯಾಸಚೂಸೆಟ್ಸಿನ ಪರಿಹಾರ ಸಮಿತಿ ಮುಂದೆಯೂ ವರ್ಷಗಟ್ಟಲೆ ಆ ಊರಿನಲ್ಲಿ ಕೆಲಸ ಮಾಡಿತು.

1918ರ ಕ್ರಿಸ್ಮಸ್‌ಗೆ ಹ್ಯಾಲಿಫ್ಯಾಕ್ಸಿನವರು ಕೃತಜ್ಞತೆಯಾಗಿ ಬಾಸ್ಟನ್ನಿಗೆ ಒಂದು ಮರವನ್ನು ಕಳುಹಿಸಿದರು. ಅಷ್ಟೇ. ಮರುವರ್ಷದಿಂದ ಅದು ಪದ್ಧತಿಯಾಗಲಿಲ್ಲ. ವಾರ್ಷಿಕ ಕೊಡುಗೆ ಆರಂಭವಾದದ್ದು 1971ರಲ್ಲಿ, ಅಂದರೆ 53 ವರ್ಷಗಳ ನಂತರ. ಅದೂ ಹ್ಯಾಲಿಫ್ಯಾಕ್ಸ್ ನಗರಾಡಳಿತದಿಂದಲ್ಲ, ಅದೇ ಪ್ರಾಂತ್ಯದ ಲುನೆನ್‌ಬರ್ಗ್ ಕೌಂಟಿಯ ಕ್ರಿಸ್ಮಸ್ ಮರ ಬೆಳೆಗಾರರ ಸಂಘದಿಂದ. ಬೆಳೆಗಾರರಿಗೆ ಹಳೆಯ ಉಪಕಾರದ ನೆನಪೂ ಇತ್ತು, ಬಾಸ್ಟನ್ನಿನ ಮಾರುಕಟ್ಟೆಯ ಮೇಲೆ ಕಣ್ಣೂ ಇತ್ತು. ಮುಂದೆ ನೋವಾ ಸ್ಕೋಷಿಯಾ ಸರ್ಕಾರವೇ ಈ ಕೆಲಸವನ್ನು ವಹಿಸಿಕೊಂಡಿತು. ವ್ಯಾಪಾರದ ಲೆಕ್ಕ ಬೆರೆತಿತ್ತೆಂಬ ಕಾರಣಕ್ಕೆ ಇದನ್ನು ಬರೀ ಜಾಹೀರಾತೆಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಅಂಗಡಿಯವನು ದೀಪಾವಳಿಗೆ ಗಿರಾಕಿಯ ಮನೆಗೆ ಸಿಹಿಯ ಡಬ್ಬಿ ಕೊಡುವಾಗ ಅದರಲ್ಲಿ ಪ್ರೀತಿ ಎಷ್ಟು, ವ್ಯವಹಾರ ಎಷ್ಟು ಎಂದು ತಕ್ಕಡಿಯಲ್ಲಿಟ್ಟು ನೋಡುವವರಾರು? ನನಗೆ ಮುಖ್ಯವೆನಿಸುವುದು, ಸ್ಫೋಟದ ಕಾಲದಲ್ಲಿ ಹುಟ್ಟಿಯೇ ಇರದಿದ್ದ ಬಹಳ ಜನರೂ ಸೇರಿ ಅಜ್ಜಂದಿರ ಋಣವನ್ನು ತಮ್ಮದೆಂದು ಎತ್ತಿಕೊಂಡದ್ದು. ನಿಮ್ಮ ಅಡಿಬರಹ ಅಳಿಸಿಹಾಕಿದ್ದು ಇದನ್ನೇ.

ಈಗಿನ ಕ್ರಮವನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. ಮರವನ್ನು ಸಾಮಾನ್ಯವಾಗಿ ತೋಟದಲ್ಲಿ ಬೆಳೆಸಿರುವುದಿಲ್ಲ. ಯಾರದೋ ಮನೆಯ ಹಿತ್ತಿಲಲ್ಲೋ ಜಮೀನಿನಲ್ಲೋ ತಾನಾಗಿ ಬೆಳೆದ, ಸುತ್ತಲೂ ಸಮನಾಗಿ ಹರಡಿದ, 12ರಿಂದ 16 ಮೀಟರ್ ಎತ್ತರದ ಸ್ಪ್ರೂಸ್ ಅಥವಾ ಫರ್ ಮರವನ್ನು ಸರ್ಕಾರದ ಅರಣ್ಯ ಸಿಬ್ಬಂದಿ ಹುಡುಕುತ್ತಾರೆ, ಮಾಲೀಕರು ದಾನವಾಗಿ ಕೊಡುತ್ತಾರೆ. (ನಮ್ಮ ನರ್ಸರಿಗಳಲ್ಲಿ ಕ್ರಿಸ್ಮಸ್ ಟ್ರೀ ಎಂದು ಕುಂಡದಲ್ಲಿ ಮಾರುವ ಅರಕೇರಿಯ ಬೇರೆಯದೇ ಜಾತಿ.) ನವೆಂಬರಿನಲ್ಲಿ ಶಾಲಾಮಕ್ಕಳ ಎದುರು ಅದನ್ನು ಕಡಿದು, ಕ್ರೇನಿನಿಂದ ಎತ್ತಿ, ಲಾರಿಗೇರಿಸಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಬಾಸ್ಟನ್ ಕಾಮನ್ ಎಂಬ ಉದ್ಯಾನಕ್ಕೆ ಒಯ್ಯುತ್ತಾರೆ.

2005ರಲ್ಲಿ ಬಾಸ್ಟನ್ ನಗರದ ಜಾಲತಾಣ ಇದನ್ನು ‘ರಜಾಕಾಲದ ಮರ’ ಎಂದು ಕರೆದಾಗ ಮರ ಕೊಟ್ಟ ನೋವಾ ಸ್ಕೋಷಿಯಾದವರೇ ಸಿಟ್ಟಾದರು. ತಮಗದು ಕ್ರಿಸ್ಮಸ್ ಮರವೇ ಎಂದು ಮೇಯರ್ ಥಾಮಸ್ ಮೆನಿನೋ ಹೇಳಬೇಕಾಯಿತು. ಇದೇ ಮ್ಯಾಸಚೂಸೆಟ್ಸ್ 1659ರಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡವೆಂದು ಕಾನೂನು ಮಾಡಿ, 1681ರವರೆಗೆ ಅದನ್ನು ಉಳಿಸಿಕೊಂಡಿತ್ತೆಂಬುದನ್ನು ನೆನೆದರೆ ನಗು ಬರುತ್ತದೆ.

ಮುಂಬಯಿಯ ಓದುಗರಿಗೆ ಹ್ಯಾಲಿಫ್ಯಾಕ್ಸ್ ದೂರದ ಊರೆನಿಸಬೇಕಾಗಿಲ್ಲ. 1944ರ ಏಪ್ರಿಲ್ 14ರಂದು ಇಲ್ಲಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಹತ್ತಿಯ ಬೇಲುಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತು ಸಿಡಿಯಿತು. ಆ ಹಡಗು ಕಟ್ಟಲ್ಪಟ್ಟದ್ದೂ ಕೆನಡಾದಲ್ಲಿಯೇ, ಅದರ ಪಶ್ಚಿಮ ಕರಾವಳಿಯ ಪ್ರಿನ್ಸ್ ರೂಪರ್ಟ್‌ನಲ್ಲಿ. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದವರೇ ಹಲವರು ಮಡಿದರು. ಅವರ ನೆನಪಿಗಾಗಿಯೇ ದೇಶದಲ್ಲಿ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಊರಿಂದ ಬಂದು ಮಸ್ಜಿದ್ ಬಂದರಿನ ಹೋಟೆಲೊಂದರಲ್ಲಿ ಆಗ ಮಾಣಿಯಾಗಿದ್ದ ನನ್ನ ದೊಡ್ಡಪ್ಪ, ಆ ದಿನ ಗುರುತೇ ಇಲ್ಲದ ಯಾರೋ ತನ್ನ ಕೈಹಿಡಿದು ಬೈಕುಲಾದವರೆಗೆ ನಡೆಸಿಕೊಂಡು ಹೋದರೆಂದು ಸಾಯುವವರೆಗೂ ಹೇಳುತ್ತಿದ್ದರು. ಆ ಮನುಷ್ಯನ ಹೆಸರನ್ನು ಕೇಳಿಕೊಳ್ಳಲಿಲ್ಲವೆಂಬ ಕೊರಗು ಅವರಿಗಿತ್ತು. ಬಾಸ್ಟನ್ನಿನ ಮರದ ಚಿತ್ರ ನೋಡಿದಾಗ ನನಗೆ ಮೊದಲು ನೆನಪಾದದ್ದು ಅವರೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು: ತಿದ್ದುಪಡಿಯನ್ನು ಪ್ರಕಟಿಸುವುದಾದರೆ ‘1918ರಲ್ಲಿ ಒಮ್ಮೆ, ಆಮೇಲೆ 1971ರಿಂದ ಪ್ರತಿವರ್ಷ’ ಎಂದು ಎರಡೂ ಇಸವಿಗಳನ್ನು ಹಾಕಿ. ಜಾಗವಿದ್ದರೆ ಲುನೆನ್‌ಬರ್ಗಿನ ಬೆಳೆಗಾರರ ಹೆಸರೂ ಇರಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗುಮಾಸ್ತ, ವಡಾಲ, ಮುಂಬಯಿ